ದುಡಿಮೆಯ ಒತ್ತಡ ಮತ್ತು ಮನಸ್ಸಿನ ತ್ರಾಣ

ಪ್ರಶ್ನೆ: ಕಚೇರಿಯ ಒತ್ತಡವು ನೌಕರನ ಮನೋಬಲವನ್ನು ಬೆಳೆಸುವುದೋ, ಸವೆಸುವುದೋ?

ಉತ್ತರ: ಒತ್ತಡವೊದಗಿದೊಡನೆ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತದಲ್ಲಿ ಹೆಚ್ಚಿ, ನಾಡಿ ತೀವ್ರವಾಗಿ, ಚಿತ್ತವು ಜಾಗೃತಗೊಳ್ಳುವುದು ದೇಹಧರ್ಮ; ಕಾರ್ಯವು ಮುಗಿದು ವಿಶ್ರಾಂತಿ ದೊರೆತಲ್ಲಿ ಇವೆಲ್ಲ ಶಮನಗೊಂಡು, ಆತ್ಮವಿಶ್ವಾಸವು ವೃದ್ಧಿಸುವುದೂ ಉಂಟು. ವಿರಾಮವೇ ಇಲ್ಲದ ಒತ್ತಡದ ಮಾತು ಬೇರೆ. ಅಂಥ ಒತ್ತಡದಲ್ಲಿ ದೇಹವು ಹಾಯುವ ಎಚ್ಚರ, ಪ್ರತಿರೋಧ, ಬಳಲಿಕೆ ಎಂಬ ಮೂರು ಅವಸ್ಥೆಗಳನ್ನು ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲಿಯೇ ಇಲಿಗಳ ಮೇಲಣ ಪ್ರಯೋಗಗಳಿಂದ ನಿರೂಪಿಸಿದ್ದನು.

ಕೆಲಸದ ಭಾರಕ್ಕಿಂತಲೂ ಪರಾಧೀನತೆಯೇ ಮನುಷ್ಯನನ್ನು ಹೆಚ್ಚಾಗಿ ಕುಗ್ಗಿಸುವುದೆಂಬುದು ನನ್ನ ದೃಢವಾದ ಅಭಿಪ್ರಾಯ. 1967ರಲ್ಲಿ ಲಂಡನ್ನಿನ ವೈಟ್‌ಹಾಲ್ ಸರ್ಕಾರಿ ನೌಕರರನ್ನು ಕುರಿತು ಆರಂಭವಾದ ಅಧ್ಯಯನದಲ್ಲಿ, ಮಹತ್ತರ ಹೊಣೆ ಹೊತ್ತ ಉನ್ನತಾಧಿಕಾರಿಗಳಿಗಿಂತ ಜವಾನರೇ ಮೊದಲಾದ ಕೆಳದರ್ಜೆಯವರಲ್ಲಿ ಹೃದ್ರೋಗದ ಮರಣ ಪ್ರಮಾಣವು ಮೂರು ಪಟ್ಟಿಗೂ ಮಿಗಿಲಾಗಿದ್ದಿತು; ಧೂಮಪಾನಾದಿಗಳನ್ನು ಗಣನೆಗೆ ತಂದರೂ ಆ ಅಂತರದ ಬಹುಭಾಗ ಉಳಿಯಿತು. ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದವನಿಗೆ ಅಪಾಯವು ಅಧಿಕವೆಂದು 1985ರಲ್ಲಿ ತೊಡಗಿದ ಎರಡನೆಯ ಅಧ್ಯಯನವು ತೋರಿಸಿತು. ಯಾವ ಕಡತವನ್ನು ಮೊದಲು ಬಿಚ್ಚಬೇಕು, ಊಟಕ್ಕೆ ಎಷ್ಟು ಹೊತ್ತಿಗೆ ಏಳಬೇಕು ಎಂಬುದನ್ನೂ ಮೇಲಿನವರೇ ವಿಧಿಸುವ ಮೇಜಿನ ಮುಂದೆ ವರ್ಷಗಟ್ಟಲೆ ಕುಳಿತವನ ಉತ್ಸಾಹವು ತಾನಾಗಿಯೇ ಬತ್ತುವುದರಲ್ಲಿ ಆಶ್ಚರ್ಯವೇನು?

ನಿದ್ರೆಯಿಂದ ದಣಿವಾರದಿರುವುದು, ಅಲ್ಪ ಮಾತಿಗೂ ಮನಸ್ಸು ನೋಯುವುದು, ರಜೆಯ ದಿನವೂ ಕಚೇರಿಯ ಚಿಂತೆ ಬಿಡದಿರುವುದು ಸಹನಶಕ್ತಿ ಉಡುಗುತ್ತಿರುವುದರ ಲಕ್ಷಣಗಳು. ಇವನ್ನು ನೌಕರನ ದೌರ್ಬಲ್ಯವೆಂದೆಣಿಸಿ, ಕೆಲಸದ ಏರ್ಪಾಡನ್ನು ಮುಟ್ಟದೆ ಅವನಿಗೆ ಧೈರ್ಯೋಪದೇಶ ಮಾಡುವುದು ಅನ್ಯಾಯ; ನಿಶ್ಚಿತವಾದ ವಿರಾಮವೂ, ಕಷ್ಟವನ್ನು ಕೇಳುವ ಮೇಲಧಿಕಾರಿಯೂ, ತನ್ನ ಕೆಲಸದ ಕ್ರಮವನ್ನು ತಾನೇ ನಿರ್ಧರಿಸುವ ಅವಕಾಶವೂ ಅವನಿಗೆ ಮೊದಲು ಸಲ್ಲಬೇಕು.