ಒಂದು, ಸೊನ್ನೆ, ಒಂದು

ಸಂಜೆ ಆರರ ಗಾಂಧಿ ಬಜಾರು. ಮಲ್ಲಿಗೆ, ಸೇವಂತಿಗೆ, ತುಳಸಿ ಮಾಲೆಗಳ ನಡುವೆ ದಾರಿ ಮಾಡಿಕೊಂಡು ಔಷಧದಂಗಡಿಯ ಮುಂದೆ ನಿಂತರೆ ಅಲ್ಲೊಂದು ಪಾಠ ನಡೆಯುತ್ತಿರುತ್ತದೆ. ಅರ್ಧ ನಿಮಿಷದ ಪಾಠ. ಅಂಗಡಿಯ ಹುಡುಗ ಮಾತ್ರೆಯ ಶೀಟನ್ನು ಕತ್ತರಿಸಿ ಕಾಗದದ ಕವರಿಗೆ ಹಾಕುತ್ತಾನೆ, ಮೇಲೆ ಪೆನ್ನಿನಲ್ಲಿ 1-0-1 ಎಂದು ಬರೆಯುತ್ತಾನೆ. “ಬೆಳಿಗ್ಗೆ ಒಂದು, ರಾತ್ರಿ ಒಂದು. ಆಯ್ತಾ ಅಮ್ಮ?” ಕೈಚೀಲದಿಂದ ದಂಟಿನ ಸೊಪ್ಪು ಇಣುಕುತ್ತಿರುವ ಹಿರಿಯ ಹೆಂಗಸು “ಹೂಂ” ಅನ್ನುತ್ತಾರೆ. ಹಿಂದಿದ್ದವರು ಆಗಲೇ ತಮ್ಮ ಚೀಟಿ ಮುಂದೆ ಚಾಚಿರುತ್ತಾರೆ.

ಆ “ಹೂಂ” ಕೇಳಿದಾಗಲೆಲ್ಲ ನನಗೆ ಹೆದರಿಕೆ. ಅರ್ಥವಾಯಿತು ಎಂಬುದಕ್ಕೂ ನಾವು ಹೂಂ ಅನ್ನುತ್ತೇವೆ, ಅರ್ಥವಾಗಲಿಲ್ಲ ಎನ್ನಲು ಸಂಕೋಚವಾದಾಗಲೂ ಹೂಂ ಅನ್ನುತ್ತೇವೆ, ಎದುರಿಗಿರುವವರು ಗಡಿಬಿಡಿಯಲ್ಲಿದ್ದಾರೆ ಪಾಪ ಎಂದೂ ಹೂಂ ಅನ್ನುತ್ತೇವೆ. ಔಷಧದ ವಿಷಯದಲ್ಲಿ ಈ ಮೂರೂ ಒಂದೇ ಆಗಿಬಿಟ್ಟರೆ ಅಪಾಯ.

ಆ ಕವರನ್ನೇ ನೋಡಿ. ಮೂರು ಅಂಕಿ, ಮೂರು ಹೊತ್ತು: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ, ನುಂಗಬೇಕೋ ಚೀಪಬೇಕೋ, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಇದಾವುದನ್ನೂ ಅದು ಹೇಳುವುದಿಲ್ಲ. ಶೀಟನ್ನು ಕತ್ತರಿಸಿದಾಗ ಎಷ್ಟೋ ಸಲ ಔಷಧದ ಹೆಸರು, ಅವಧಿ ಮುಗಿಯುವ ತಾರೀಖು ಅಂಗಡಿಯ ಪಾಲಿನ ತುಂಡಿನಲ್ಲೇ ಉಳಿದುಬಿಡುತ್ತವೆ. ಮನೆಗೆ ಬರುವುದು ಬರೀ ಬಿಳಿ ಗುಳಿಗೆ.

ಹೊತ್ತಿನ ಲೆಕ್ಕ ಯಾಕೆ ಇಷ್ಟು ಮುಖ್ಯ? ನಮ್ಮ ಮನೆಗಳ ಸಂಪನ್ನು ನೆನೆಯಿರಿ. ಕಾವೇರಿ ನೀರು ಬಿಟ್ಟ ದಿನ ತುಂಬುತ್ತದೆ, ಬಳಸಿದ ಹಾಗೆ ಇಳಿಯುತ್ತದೆ, ತಳ ಕಾಣುವ ಮೊದಲೇ ಮತ್ತೆ ನೀರು ಬರಬೇಕು. ರಕ್ತದಲ್ಲಿ ಔಷಧದ ಮಟ್ಟವೂ ಹಾಗೆಯೇ. ಯಕೃತ್ತು, ಮೂತ್ರಪಿಂಡಗಳು ಅದನ್ನು ಹೊರಹಾಕುತ್ತಲೇ ಇರುತ್ತವೆ. ಪ್ಯಾರಾಸಿಟಮಾಲ್ ಎರಡು ಮೂರು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ರಕ್ತದೊತ್ತಡದ ಅಮ್ಲೋಡಿಪಿನ್ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು. ಅದಕ್ಕೇ ಮೊದಲನೆಯದನ್ನು ದಿನಕ್ಕೆ ಹಲವು ಸಲ, ಎರಡನೆಯದನ್ನು ಒಂದೇ ಸಲ ಕೊಡುವುದು. ಬೆಳಿಗ್ಗೆ ಮರೆತೆನೆಂದು ರಾತ್ರಿ ಎರಡು ನುಂಗಿದರೆ ಸಂಪು ಉಕ್ಕುತ್ತದೆ. ಎಸ್.ಆರ್., ಎಕ್ಸ್.ಆರ್. ಎಂದು ಬರೆದಿರುವ ಮಾತ್ರೆಗಳು ಹಲವು ಗಂಟೆಗಳ ಔಷಧವನ್ನು ನಿಧಾನವಾಗಿ ಬಿಡುವಂತೆ ಮಾಡಿದವು. ಅಜ್ಜಿಗೆ ನುಂಗಲು ಕಷ್ಟ ಎಂದು ಪ್ರೀತಿಯಿಂದ ಕುಟ್ಟಿ ಪುಡಿ ಮಾಡಿ ಕೊಟ್ಟರೆ ಅಷ್ಟೂ ಔಷಧ ಒಮ್ಮೆಗೇ ಒಳಗೆ ಹೋಗುತ್ತದೆ.

ಆಸ್ಪತ್ರೆಯ ವಾರ್ಡಿನಲ್ಲಿ ಈ ಲೆಕ್ಕವನ್ನೆಲ್ಲ ಕಾಯುವವರು ಸಿಸ್ಟರ್‌ಗಳು. ನರ್ಸಿಂಗ್ ಕಾಲೇಜಿನಲ್ಲಿ ಮೊದಲಿಗೇ ಕಲಿಸುವ ‘ಐದು ಸರಿ’ಗಳಿವೆ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಕೊಟ್ಟ ಮೇಲೆ ಬರೆದಿಡುವುದು ಆರನೆಯದು. ಕೇಳಲು ಸುಲಭ. ಆದರೆ ಮೊದಲನೆಯ ‘ಸರಿ’ಯನ್ನೇ ನೋಡಿ. ಒಂದು ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮಂದಿರು ಇರುವುದು ನಮ್ಮಲ್ಲಿ ಸಾಮಾನ್ಯ. “ನೀವು ಲಕ್ಷ್ಮಮ್ಮ ಅಲ್ವಾ?” ಎಂದರೆ ಅರೆನಿದ್ದೆಯಲ್ಲಿರುವ ಜಯಮ್ಮನೂ ಹೂಂ ಅಂದಾರು. ಅದಕ್ಕೇ ಒಳ್ಳೆಯ ಸಿಸ್ಟರ್ ಕೇಳುವುದು, “ನಿಮ್ಮ ಹೆಸರು ಹೇಳಿ ಅಮ್ಮ.” ಆಮೇಲೆ ಕೈಪಟ್ಟಿಯ ಮೇಲಿನ ನಂಬರನ್ನು ಚೀಟಿಯ ನಂಬರಿನೊಂದಿಗೆ ತಾಳೆ ನೋಡುತ್ತಾರೆ. ಹಾಸಿಗೆಯ ನಂಬರನ್ನು ನಂಬುವುದಿಲ್ಲ, ಹಾಸಿಗೆ ಬದಲಾಗುತ್ತದೆ.

ಔಷಧದ ಹೆಸರುಗಳ ಗೊಂದಲ ಇನ್ನೂ ದೊಡ್ಡದು. ಫಾಲ್ಸಿಗೋ, ಫಾಲ್ಸಿಟ್ಯಾಬ್ ಎಂಬ ಎರಡು ಮಲೇರಿಯಾ ಔಷಧಗಳ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಒಂದರಲ್ಲಿದ್ದದ್ದು ಆರ್ಟೆಸುನೇಟ್, ಇನ್ನೊಂದರಲ್ಲಿ ಮೆಫ್ಲೋಕ್ವಿನ್. ಬೇರೆ ಸಾಮಾನುಗಳ ಹೆಸರು ಹೋಲುವುದಕ್ಕಿಂತ ಔಷಧಗಳ ಹೆಸರು ಹೋಲುವುದನ್ನು ಹೆಚ್ಚು ಕಟ್ಟುನಿಟ್ಟಾಗಿ ನೋಡಬೇಕೆಂದು ನ್ಯಾಯಾಲಯ 2001ರಲ್ಲಿ ಹೇಳಿತು. ಹಾಗಿದ್ದೂ ಒಂದೇ ಅಕ್ಷರದ ವ್ಯತ್ಯಾಸವಿರುವ ಹೆಸರುಗಳು ಇಂದಿಗೂ ಕಪಾಟಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ವೈದ್ಯರು ಫೋನಿನಲ್ಲಿ ಔಷಧ ಹೇಳಿದರೆ ಸಿಸ್ಟರ್ ಬರೆದುಕೊಂಡು, ಬರೆದದ್ದನ್ನು ತಿರುಗಿ ಓದಿ ಹೇಳಿ, ಹೌದೆನ್ನಿಸಿಕೊಳ್ಳಬೇಕು. ಗಾಂಧಿ ಬಜಾರಿನ ಹೋಟೆಲುಗಳ ಸಪ್ಲೈಯರ್‌ಗಳು “ಎರಡು ಮಸಾಲೆ, ಒಂದು ಖಾಲಿ, ಮೂರು ಕಾಫಿ” ಎಂದು ನಮಗೇ ತಿರುಗಿಸಿ ಒಪ್ಪಿಸಿ ಒಳಗೆ ಹೋಗುತ್ತಾರಲ್ಲ, ಅದೇ ಶಿಸ್ತು.

ಇಲ್ಲಿ ನಮ್ಮದೂ ಒಂದು ಪಾಲಿದೆ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ನರ್ಸ್‌ಗಳು ಔಷಧ ಕೊಡುವುದನ್ನು ಪಕ್ಕದಲ್ಲೇ ನಿಂತು ಗಮನಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಔಷಧ ಕೊಡುವಾಗ ಯಾರಾದರೂ ನಡುವೆ ಮಾತಾಡಿಸಿದ ಪ್ರತಿ ಸಲಕ್ಕೂ ತಪ್ಪುಗಳು ಸುಮಾರು ಶೇಕಡ 12ರಷ್ಟು ಹೆಚ್ಚಿದ್ದವು. ಟ್ರೇ ಹಿಡಿದು ಎಣಿಸುತ್ತಿರುವ ಸಿಸ್ಟರ್ ಬಳಿ ಹೋಗಿ “ಸಿಸ್ಟರ್, ಡಿಸ್ಚಾರ್ಜ್ ಯಾವಾಗ?” ಎಂದು ಕೇಳದೆ ಎರಡು ನಿಮಿಷ ಕಾದರೆ, ಅದು ಪಕ್ಕದ ಹಾಸಿಗೆಯವರಿಗೆ ನಾವು ಮಾಡುವ ಉಪಕಾರ.

ಸರಿ, ಡಿಸ್ಚಾರ್ಜ್ ಆಯಿತು. ಅಲ್ಲಿಂದ ಮುಂದೆ ಐದು ಸರಿಗಳನ್ನು ಕಾಯುವವರು ಯಾರು? ಸೊಸೆ, ಮಗ, ಅಥವಾ ರೋಗಿಯೇ. ವರ್ಷಗಟ್ಟಲೆ ಓದಿದವರು ಮಾಡುತ್ತಿದ್ದ ಕೆಲಸವನ್ನು ಬಿಲ್ಲು ಕಟ್ಟುವ ಗಡಿಬಿಡಿಯಲ್ಲಿ ಹತ್ತು ನಿಮಿಷ ಕೇಳಿದವರು ವಹಿಸಿಕೊಳ್ಳುತ್ತಾರೆ. ವೈದ್ಯಕೀಯ ಸಿಬ್ಬಂದಿ ಹೇಳಿದ್ದರಲ್ಲಿ ಶೇಕಡ 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆಂದು 2003ರಲ್ಲಿ ಡಚ್ ಮನಶ್ಶಾಸ್ತ್ರಜ್ಞ ರಾಯ್ ಕೆಸೆಲ್ಸ್ ಬರೆದರು. ನನ್ನನ್ನು ಅದಕ್ಕಿಂತ ಹೆಚ್ಚು ಕಾಡಿದ್ದು 2006ರ ಒಂದು ಅಮೆರಿಕನ್ ಅಧ್ಯಯನ. ‘ಎರಡು ಮಾತ್ರೆ, ದಿನಕ್ಕೆ ಎರಡು ಸಲ’ ಎಂಬ ಚೀಟಿಯನ್ನು ತೋರಿಸಿದಾಗ, ಓದುಬರಹ ಕಡಿಮೆ ಇದ್ದವರಲ್ಲಿ ಶೇಕಡ 71ರಷ್ಟು ಜನ ಅದನ್ನು ಸರಿಯಾಗಿಯೇ ಹೇಳಿದರು. “ಹಾಗಾದರೆ ಒಂದು ದಿನಕ್ಕೆ ಎಷ್ಟು ಮಾತ್ರೆ, ಎಣಿಸಿಡಿ” ಎಂದಾಗ ನಾಲ್ಕು ಎಣಿಸಿಟ್ಟವರು ಶೇಕಡ 35 ಮಾತ್ರ. ಬಾಯಲ್ಲಿ ಬಂದದ್ದು ಕೈಗೆ ಇಳಿದಿರಲಿಲ್ಲ.

ಇದಕ್ಕೆ ನರ್ಸಿಂಗ್‌ನಲ್ಲಿ ಬಳಸುವ ಉಪಾಯ ಬಲು ಸರಳ. “ಅರ್ಥ ಆಯ್ತಾ?” ಎಂದು ಕೇಳಬೇಡಿ. “ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ಮನೆಗೆ ಹೋಗಿ ಸೊಸೆಗೆ ಹೇಗೆ ಹೇಳ್ತೀರಿ, ಒಂದ್ಸಲ ಹೇಳಿ” ಎನ್ನಿ. ಪರೀಕ್ಷೆ ರೋಗಿಯದಲ್ಲ, ಹೇಳಿಕೊಟ್ಟವರದು. ತಪ್ಪಿದರೆ ಬೇರೆ ಮಾತಿನಲ್ಲಿ ಮತ್ತೆ ಹೇಳಿಕೊಡಬೇಕು.

ಇದರ ಬೆಲೆ ನನಗೆ ಗೊತ್ತಾದದ್ದು ಅಮ್ಮನಿಂದ. ಥೈರಾಯ್ಡ್‌ಗೆ ಲೆವೊಥೈರಾಕ್ಸಿನ್ ಶುರುವಾಗಿ ತಿಂಗಳುಗಳೇ ಕಳೆದರೂ ರಕ್ತಪರೀಕ್ಷೆಯ ಅಂಕಿ ಇಳಿಯಲಿಲ್ಲ. ಎರಡು ಸಲ ಡೋಸು ಏರಿತು. ‘ಖಾಲಿ ಹೊಟ್ಟೆಯಲ್ಲಿ ತಗೋತೀರಾ?’ ಎಂದು ಎಲ್ಲರೂ ಕೇಳಿದ್ದರು, ಅಮ್ಮ ಎಲ್ಲರಿಗೂ ಹೂಂ ಅಂದಿದ್ದರು. ಕೊನೆಗೆ ಒಬ್ಬ ಸಿಸ್ಟರ್ ಪಕ್ಕದಲ್ಲಿ ಕೂತು, “ಅಮ್ಮ, ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ” ಎಂದರು. ಅಮ್ಮ ಹೇಳಿದರು: “ಮುಖ ತೊಳೆದು, ಹಾಲು ಕಾಯಿಸಿ, ಡಿಕಾಕ್ಷನ್ ಬೆರೆಸಿ, ಆ ಕಾಫಿಯಲ್ಲೇ ಗುಳಿಗೆ ನುಂಗಿಬಿಡ್ತೀನಿ. ಖಾಲಿ ಹೊಟ್ಟೆ, ತಿಂಡಿ ತಿಂದಿರಲ್ಲ.”

ಅಮ್ಮ ಸುಳ್ಳು ಹೇಳಿರಲಿಲ್ಲ. ಬಸವನಗುಡಿಯ ಯಾವ ಮನೆಯಲ್ಲಿ ಕೇಳಿದರೂ ಕಾಫಿ ಕುಡಿದ ಹೊಟ್ಟೆ ಖಾಲಿ ಹೊಟ್ಟೆಯೇ. ಆದರೆ ಕರುಳಿನ ಲೆಕ್ಕ ಬೇರೆ. ಲೆವೊಥೈರಾಕ್ಸಿನ್ ಬರಿ ನೀರಿನಲ್ಲಿ ನುಂಗಿದಾಗಲೂ ಪೂರ್ತಿ ಹೀರಿಕೆಯಾಗುವುದಿಲ್ಲ, ಕಾಫಿ ಜೊತೆಗಿದ್ದರೆ ಇನ್ನೂ ಕಡಿಮೆ. ಇಟಲಿಯ ವೈದ್ಯರು 2008ರಲ್ಲಿ ಇದನ್ನೇ ವರದಿ ಮಾಡಿದ್ದರು. ಅಲ್ಲಿ ಎಸ್ಪ್ರೆಸೊ, ಇಲ್ಲಿ ಫಿಲ್ಟರ್ ಕಾಫಿ. ಮಾತ್ರೆಗೂ ಕಾಫಿಗೂ ನಡುವೆ ಒಂದು ಗಂಟೆ ಬಿಟ್ಟರೆ ಸಾಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಬಿಡಬೇಕು.

ಆ ಸಿಸ್ಟರ್ ಕೇಳಿದ್ದು ಔಷಧದ ಪ್ರಶ್ನೆಯಲ್ಲ, ಅಡುಗೆಮನೆಯ ಪ್ರಶ್ನೆ. ಅಂಥ ಪ್ರಶ್ನೆಗಳು ಗಾಂಧಿ ಬಜಾರಿನ ಉದ್ದಕ್ಕೂ ಇವೆ. ಸೊಪ್ಪಿನವರ ಮುಂದೆ ನಿಲ್ಲಿ. ಹೃದಯದ ಕವಾಟ ಬದಲಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಅಥವಾ ಅಸೆನೊಕೌಮರಾಲ್ ನುಂಗುತ್ತಾರೆ. ಅದು ದೇಹದಲ್ಲಿ ಕೆ ಜೀವಸತ್ವದ ಕೆಲಸಕ್ಕೆ ಅಡ್ಡ ಬರುವ ಔಷಧ. ಪಾಲಕ್, ಮೆಂತ್ಯ, ದಂಟು, ನುಗ್ಗೆ ಸೊಪ್ಪುಗಳಲ್ಲಿ ಇರುವುದು ಅದೇ ಜೀವಸತ್ವ. ಹಾಗೆಂದು ‘ಸೊಪ್ಪು ತಿನ್ನಬೇಡಿ’ ಎಂದು ಕಳಿಸುವುದು ಸೋಮಾರಿ ಪಾಠ. ಈ ವಾರ ಎಷ್ಟೋ ಮುಂದಿನ ವಾರವೂ ಅಷ್ಟೇ ತಿನ್ನಿ, ಒಮ್ಮೆಗೇ ಹೆಚ್ಚಿಸಬೇಡಿ, ಒಮ್ಮೆಗೇ ಬಿಡಬೇಡಿ ಎಂಬುದು ಸರಿಯಾದ ಪಾಠ. ಔಷಧದ ಪ್ರಮಾಣವನ್ನು ಹೊಂದಿಸುವುದೇ ರೋಗಿಯ ಊಟಕ್ಕೆ ತಕ್ಕಂತೆ.

ಹಣ್ಣಿನ ಗಾಡಿಯಲ್ಲಿ ದೇವನಹಳ್ಳಿಯ ಚಕ್ಕೋತ ಇದ್ದರೆ ಅದರದೂ ಒಂದು ಕಥೆ. 1989ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೆನಡಾದ ಡೇವಿಡ್ ಬೇಲಿ ಮತ್ತು ಸಂಗಡಿಗರು ಮದ್ಯದ ರುಚಿ ಮರೆಸಲು ಗ್ರೇಪ್‌ಫ್ರೂಟ್ ರಸ ಬೆರೆಸಿದರು. ರಕ್ತದೊತ್ತಡದ ಫೆಲೊಡಿಪಿನ್ ಎಂಬ ಔಷಧದ ಮಟ್ಟ ಹಲವು ಪಟ್ಟು ಏರಿತು. ಕರುಳಿನ ಗೋಡೆಯಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ಆ ರಸ ಕೆಡಿಸುತ್ತದೆ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಕೂಡಿಕೆಯಿಂದ. ಅಂಗ ಕಸಿಯಾದವರು ನುಂಗುವ ಸೈಕ್ಲೋಸ್ಪೊರಿನ್ ಮಟ್ಟವನ್ನು ಚಕ್ಕೋತದ ರಸವೂ ಏರಿಸಿದ್ದು ಪರೀಕ್ಷೆಯಲ್ಲಿ ಕಂಡಿದೆ. ಮೂತ್ರಪಿಂಡ ಕಸಿಯಾದ ರೋಗಿಗೆ ನಮ್ಮೂರಿನ ಸಿಸ್ಟರ್ ಹೇಳಬೇಕಾದದ್ದು ‘ಗ್ರೇಪ್‌ಫ್ರೂಟ್ ಬೇಡ’ ಎಂದಲ್ಲ, ‘ಚಕ್ಕೋತ ಬೇಡ’ ಎಂದು.

ಇನ್ನು ಏಕಾದಶಿ, ಸಂಕಷ್ಟಿ. ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್ ನುಂಗುವವರು ಅಂದು ಉಪವಾಸವಿದ್ದು, ಮಾತ್ರೆ ಮಾತ್ರ ತಪ್ಪಿಸದೆ ನುಂಗಿದರೆ? ಊಟ ಬಂದರೂ ಬಾರದಿದ್ದರೂ ಆ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಸಂಜೆ ಹೊತ್ತಿಗೆ ಬೆವರು, ನಡುಕ, ಮಂಪರು. ಉಪವಾಸ ಮಾಡಬೇಡಿ ಎಂದರೆ ಅಜ್ಜಿಯರು ಕೇಳುವುದಿಲ್ಲ. “ಯಾವ್ಯಾವ ದಿನ ಉಪವಾಸ ಇರ್ತೀರಿ ಅಜ್ಜಿ?” ಎಂದು ಕೇಳಿ, ಆ ದಿನದ ಮಾತ್ರೆಗೆ ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಟ್ಟರೆ ಕೇಳುತ್ತಾರೆ.

ಕೈಯಲ್ಲಿ ಮಾಡಿಸಿ ನೋಡಲೇಬೇಕಾದದ್ದು ಇನ್ಸುಲಿನ್. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: ಒಂದು ಎಂ.ಎಲ್.ಗೆ 40 ಯೂನಿಟ್ಟಿನದು, 100 ಯೂನಿಟ್ಟಿನದು. ಸಿರಿಂಜುಗಳೂ ಎರಡು ಬಗೆ, 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 50 ಯೂನಿಟ್, ಜೀವಕ್ಕೇ ಕುತ್ತು. 40ರ ಬಾಟಲಿಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿಗೆ ಎಳೆದರೆ ಬರುವುದು ಬರೀ 8. ಗೆರೆ ಎರಡರಲ್ಲೂ 20 ಎಂದೇ ತೋರಿಸುತ್ತದೆ. ಎಷ್ಟು ಚೆನ್ನಾಗಿ ವಿವರಿಸಿದರೂ, ಬಾಟಲಿ ಮತ್ತು ಸಿರಿಂಜು ಅವರ ಕೈಗೇ ಕೊಟ್ಟು ಎಳೆಯಲು ಹೇಳದ ಹೊರತು ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಮಕ್ಕಳ ಜ್ವರದ ಔಷಧದಲ್ಲೂ ಇಂಥದ್ದೇ ಗುಂಡಿ. ಪ್ಯಾರಾಸಿಟಮಾಲ್ ಡ್ರಾಪ್ಸಿನ ಒಂದು ಎಂ.ಎಲ್.ನಲ್ಲಿ 100 ಮಿಲಿಗ್ರಾಂ ಇರುತ್ತದೆ, ಸಾಮಾನ್ಯ ಸಿರಪ್ಪಿನ ಐದು ಎಂ.ಎಲ್.ನಲ್ಲಿ ಸುಮಾರು 125. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಪುಟ್ಟ ಮಗುವಿಗೆ ನಾಲ್ಕು ಪಟ್ಟು ಔಷಧ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ‘ಹಾನಿಯಿಲ್ಲದ ಔಷಧ’ ಎಂಬ ಜಾಗತಿಕ ಅಭಿಯಾನ ಆರಂಭಿಸಿತು. ಔಷಧದ ತಪ್ಪುಗಳಿಂದ ಜಗತ್ತಿಗಾಗುವ ನಷ್ಟ ವರ್ಷಕ್ಕೆ 4,200 ಕೋಟಿ ಡಾಲರ್ ಎಂದು ಅದರ ಅಂದಾಜು. ಅದಕ್ಕೆ ಮುಂಚೆಯೇ ಬೆಂಗಳೂರಿನಲ್ಲಿ ಒಂದು ಒಳ್ಳೆಯ ಕೆಲಸ ಮೊಳೆತಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ನಾರಾಯಣ ಹೃದಯಾಲಯಕ್ಕೆ ಬಂದಾಗ ಕಂಡದ್ದು ಕಾರಿಡಾರಿನಲ್ಲಿ ದಿನವಿಡೀ ಸುಮ್ಮನೆ ಕಾಯುವ ಬಂಧುಗಳು. ಆ ಕಾಯುವ ಹೊತ್ತನ್ನೇ ಪಾಠದ ಹೊತ್ತಾಗಿ ಮಾಡಬಾರದೇಕೆ? ಅಲ್ಲಿಂದ ಹುಟ್ಟಿದ್ದು ನೂರಾ ಹೆಲ್ತ್ ಸಂಸ್ಥೆ. ಮುಂದೆ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲೂ ನರ್ಸ್‌ಗಳು ಬಂಧುಗಳನ್ನು ಗುಂಪಾಗಿ ಕೂರಿಸಿಕೊಂಡು ಔಷಧ, ಆಹಾರ, ಕೈ ತೊಳೆಯುವುದು, ಅಪಾಯದ ಲಕ್ಷಣ ಎಲ್ಲವನ್ನೂ ಕನ್ನಡದಲ್ಲಿ ಹೇಳಿಕೊಡತೊಡಗಿದರು. ರೋಗಿಯ ಹೆಂಡತಿ, ತಮ್ಮ, ಸೊಸೆ, ಹೀಗೆ ‘ಜನಜಂಗುಳಿ’ ಆಗಿದ್ದವರು ಆರೈಕೆಯ ಪಾಲುದಾರರಾದರು. ಆದರೆ ಒಬ್ಬ ಸಿಸ್ಟರ್ ಮೇಲೆ ಹತ್ತಾರು ರೋಗಿಗಳನ್ನು ಹೇರಿ, ಪಾಠಕ್ಕೆ ಸಮಯವಿಡದಿದ್ದರೆ ಇದಾವುದೂ ಉಳಿಯದು. ಪಾಠವೂ ಚಿಕಿತ್ಸೆಯೇ ಎಂದು ಒಪ್ಪಿ ಅದಕ್ಕೆ ಕೈಗಳನ್ನು ಒದಗಿಸಬೇಕು. ಔಷಧದಂಗಡಿಗೂ ಈ ಹೊಣೆಯಿದೆ, ರೋಗಿಗೆ ವಿವರಿಸುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ನಿಯಮಗಳೇ ಹೇಳುತ್ತವೆ. ಔಷಧದಿಂದ ತೊಂದರೆಯಾದರೆ ರೋಗಿಯೇ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು.

ಮೊನ್ನೆ ಗಾಂಧಿ ಬಜಾರಿನ ಅದೇ ಅಂಗಡಿಯಲ್ಲಿ ಅಮ್ಮನ ಸರದಿ. ಹುಡುಗ ಥೈರಾಯ್ಡ್ ಮಾತ್ರೆಯ ಬಾಟಲಿಯನ್ನು ಕವರಿಗೆ ಹಾಕಿ, ಮೇಲೆ 1-0-0 ಎಂದು ಬರೆದು, “ಆಯ್ತಾ ಅಮ್ಮ?” ಅಂದ. ಅಮ್ಮ ಹೂಂ ಅನ್ನಲಿಲ್ಲ. “ಐದೂವರೆಗೆ ನೀರಲ್ಲಿ ಇದು. ಆರೂವರೆಗೆ ಕಾಫಿ. ಕ್ಯಾಲ್ಸಿಯಂ ಮಧ್ಯಾಹ್ನ ಊಟ ಆದ್ಮೇಲೆ. ಸರಿನಾ ಮರಿ?” ಅಂದರು. ಹುಡುಗ ಮುಂದಿನ ಚೀಟಿಗೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡು ಪೂರ್ತಿ ಕೇಳಿಸಿಕೊಂಡ. ಕವರನ್ನು ವಾಪಸು ಇಸಿದುಕೊಂಡು ಅಂಕಿಗಳ ಕೆಳಗೆ ದುಂಡಗೆ ಕನ್ನಡದಲ್ಲಿ ಬರೆದ: ಕಾಫಿಗೆ ಒಂದು ಗಂಟೆ ಮುಂಚೆ.