ರಕ್ಷಾಪುಟದ ನಂಬರೇ ವಿಳಾಸ

ರಾತ್ರಿ ಪಾಳಿಯಲ್ಲಿ ಬ್ಯಾಂಕೊಂದರ ಮೇನ್‌ಫ್ರೇಮಿನಲ್ಲಿ ಬ್ಯಾಚ್ ಜಾಬ್ ನಡುವೆಯೇ ನಿಂತುಹೋಗಿದೆ ಎಂದಿಟ್ಟುಕೊಳ್ಳಿ. ಲಾಗ್ ತೆರೆದರೆ ಒಂದು ಸಾಲು ಕಾಣುತ್ತದೆ: ‘ಐಇಸಿ141ಐ 013-18’. ಅದರ ಹಿಂದೆಯೇ ಒಂದು ಮಾಡ್ಯೂಲಿನ ಹೆಸರು, ಜಾಬಿನ ಹೆಸರು, ಸ್ಟೆಪ್, ಡಿಡಿ, ಡಿಸ್ಕ್, ಡೇಟಾಸೆಟ್. ಹೊಸಬರು ಆ ಸಾಲನ್ನು ಇಡಿಯಾಗಿ ಎತ್ತಿ ಗೂಗಲ್‌ಗೆ ಹಾಕುತ್ತಾರೆ. ಉತ್ತರಗಳಿಗೇನೂ ಬರವಿಲ್ಲ, ಆದರೆ ಯಾವುದು ಯಾವ ಕಾಲದ್ದು, ಯಾವ ಯಂತ್ರದ್ದು ಎಂದು ತಿಳಿಯುವುದಿಲ್ಲ. ಪಳಗಿದ ಸಿಸ್ಟಮ್ ಪ್ರೋಗ್ರಾಮರ್‌ನ ಕಣ್ಣು ಮಾತ್ರ ಮೊದಲ ಮೂರು ಅಕ್ಷರಗಳ ಮೇಲೆ ನಿಲ್ಲುತ್ತದೆ. ಯಾವ ಪುಸ್ತಕ ತೆಗೆಯಬೇಕು ಎಂಬುದನ್ನು ಆ ಮೂರು ಅಕ್ಷರಗಳೇ ಹೇಳುತ್ತವೆ.

ಐಇಸಿ ಎಂದರೆ ಡೇಟಾಸೆಟ್ ತೆರೆಯುವ, ಮುಚ್ಚುವ, ಓದುವ ಕೆಲಸ ನೋಡಿಕೊಳ್ಳುವ ಭಾಗ. ಐಬಿಎಂ ಮೇನ್‌ಫ್ರೇಮುಗಳ ಕಾರ್ಯಾಚರಣಾ ವ್ಯವಸ್ಥೆಯಾದ ಝಡ್/ಓಎಸ್‌ನ ‘ಎಂವಿಎಸ್ ಸಿಸ್ಟಮ್ ಮೆಸೇಜಸ್’ ಹತ್ತು ಸಂಪುಟಗಳಲ್ಲಿದೆ. ಏಳನೆಯ ಸಂಪುಟದ ಬೆನ್ನಿನ ಮೇಲೆ ‘ಐಇಬಿ–ಐಇಇ’ ಎಂದಿರುತ್ತದೆ, ಐಇಸಿ ಬರುವುದು ಅದರೊಳಗೆ. ಅಲ್ಲಿ 141ನ್ನು ತೆಗೆದು 013-18ರ ಸಾಲಿಗೆ ಬಂದರೆ ವಿಷಯ ಸ್ಪಷ್ಟ: ಪಿಡಿಎಸ್ ಲೈಬ್ರರಿಯಲ್ಲಿ ನೀವು ಕೇಳಿದ ಮೆಂಬರ್ ಇಲ್ಲ. ಬಹುಪಾಲು ಸಲ ಜಾಬಿನ ಆದೇಶಗಳಿರುವ ಜೆಸಿಎಲ್‌ನಲ್ಲಿ ಮೆಂಬರ್ ಹೆಸರಿನ ಒಂದು ಅಕ್ಷರ ತಪ್ಪಿರುತ್ತದೆ, ಅಥವಾ ತಪ್ಪು ಲೈಬ್ರರಿಯ ಹೆಸರು ಕೊಟ್ಟಿರುತ್ತಾರೆ. ಸಂದೇಶದ ವಿವರಣೆಯಾದ ಮೇಲೆ ಸಿಸ್ಟಮ್ ಏನು ಮಾಡಿತು, ಆಪರೇಟರ್ ಏನು ಮಾಡಬೇಕು, ಅಪ್ಲಿಕೇಶನ್ ಪ್ರೋಗ್ರಾಮರ್ ಏನು ಮಾಡಬೇಕು, ಸಿಸ್ಟಮ್ ಪ್ರೋಗ್ರಾಮರ್ ಏನು ಮಾಡಬೇಕು ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲುಗಳಿವೆ. ಸಂದೇಶದ ಕೊನೆಯ ‘ಐ’ ಎಂದರೆ ಬರೀ ಮಾಹಿತಿ. ಜಾಬ್ ಸತ್ತು ಬಿದ್ದಿದ್ದರೂ ಅದು ‘ಮಾಹಿತಿ’ಯೇ, ಏಕೆಂದರೆ ಕನ್ಸೋಲ್ ಮುಂದೆ ಕೂತ ಆಪರೇಟರ್ ತಕ್ಷಣ ಮಾಡಬೇಕಾದದ್ದು ಏನೂ ಇಲ್ಲ. ಅಲ್ಲಿ ‘ಎ’ ಇದ್ದರೆ ಆತ ಏನಾದರೂ ಮಾಡಲೇಬೇಕು, ‘ಡಿ’ ಇದ್ದರೆ ಇದೋ ಅದೋ ಎಂದು ತೀರ್ಮಾನ ಹೇಳಬೇಕು.

ಇಂಥ ಮೂರಕ್ಷರದ ಗುರುತುಗಳಲ್ಲಿ ಕೆಲವನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಹುಡುಕಾಟ ತಪ್ಪುತ್ತದೆ. ಐಸಿಎಚ್ ಎಂದರೆ ಭದ್ರತೆಯ ರಾಕ್‌ಎಫ್, ಐಕೆಜೆ ಎಂದರೆ ಟಿಎಸ್ಒ, ಐಜಿಡಿ ಎಂದರೆ ಡಿಸ್ಕ್ ಜಾಗ ಹಂಚುವ ಎಸ್ಎಂಎಸ್, ಡಿಎಫ್ಎಚ್ ಎಂದರೆ ಸಿಐಸಿಎಸ್, ಡಿಎಸ್ಎನ್ ಎಂದರೆ ಡಿಬಿ2. ‘ಡಾಲರ್ ಹ್ಯಾಸ್ಪ್’ ಎಂದು ಶುರುವಾದರೆ ಅದು ಜಾಬುಗಳನ್ನು ಸರದಿಯಲ್ಲಿಟ್ಟು ನಡೆಸುವ ಜೆಸ್2. ಹ್ಯಾಸ್ಪ್ ಎಂಬುದು 1960ರ ದಶಕದಲ್ಲಿ ಹ್ಯೂಸ್ಟನ್‌ನ ನಾಸಾ ಕೇಂದ್ರದ ಯಂತ್ರಗಳಿಗಾಗಿ ಹುಟ್ಟಿದ ತಂತ್ರಾಂಶ. ಅದು ಹೋಗಿ ಜೆಸ್2 ಬಂದರೂ ಸಂದೇಶಗಳು ಹಳೆಯ ಹೆಸರನ್ನು ಬಿಟ್ಟಿಲ್ಲ. ಜೆಸ್2ರ ಸಂದೇಶಗಳು ಆ ಹತ್ತು ಸಂಪುಟಗಳಲ್ಲಿ ಸಿಗುವುದಿಲ್ಲ, ಅವಕ್ಕೆ ಪ್ರತ್ಯೇಕ ಪುಸ್ತಕವಿದೆ. ಇದು ಗೊತ್ತಿಲ್ಲದೆ ಹತ್ತೂ ಸಂಪುಟ ಜಾಲಾಡಿ ಸೋತವರು ಕಡಿಮೆಯಲ್ಲ.

ಇನ್ನು ಎಲ್ಲಕ್ಕೂ ತಳಹದಿಯಾದ ಪುಸ್ತಕದ ಮಾತು. ಐಬಿಎಂ ತನ್ನ ಸಿಸ್ಟಮ್/360 ಸರಣಿಯನ್ನು 1964ರ ಏಪ್ರಿಲ್ 7ರಂದು ಪ್ರಕಟಿಸಿತು. ಅದರ ಕೈಪಿಡಿ ‘ಪ್ರಿನ್ಸಿಪಲ್ಸ್ ಆಫ್ ಆಪರೇಶನ್’, ನಂಬರು ಎ22-6821. ಯಂತ್ರದ ಒಂದೊಂದು ಆದೇಶವೂ ಏನು ಮಾಡುತ್ತದೆ, ತಪ್ಪಿದಾಗ ಏನಾಗುತ್ತದೆ, ಯಾವುದನ್ನು ಉದ್ದೇಶಪೂರ್ವಕವಾಗಿ ನಿಗದಿ ಮಾಡಿಲ್ಲ ಎಂಬುದೆಲ್ಲ ಅದರಲ್ಲಿದೆ. ಆ ಯೋಜನೆಯ ಮುಖ್ಯಸ್ಥರಾಗಿದ್ದ ಫ್ರೆಡ್ ಬ್ರೂಕ್ಸ್ 1975ರ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಇದರ ಹಿನ್ನೆಲೆ ಹೇಳಿದ್ದಾರೆ: ಆಲೋಚನೆ ಸುಮಾರು ಹತ್ತು ಜನರದ್ದು, ಆದರೆ ಬರೆದವರು ಇಬ್ಬರೇ, ಗೆರಿಟ್ ಬ್ಲಾ ಮತ್ತು ಆಂಡ್ರಿಸ್ ಪ್ಯಾಡೆಗ್ಸ್. ಪುಸ್ತಕದ ಉದ್ದಕ್ಕೂ ಒಂದೇ ದನಿ ಕೇಳುವುದು ಅದಕ್ಕೇ. ಸಮಿತಿ ಬರೆದ ಕೈಪಿಡಿಯನ್ನೂ ಇದನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಬ್ರೂಕ್ಸ್ ಹೇಳುವ ಇನ್ನೊಂದು ಸಂಗತಿ. ಸಿಸ್ಟಮ್/360ರ ಕಾರ್ಯಾಚರಣಾ ವ್ಯವಸ್ಥೆ ಓಎಸ್/360 ಕಟ್ಟುವಾಗ ತಂಡದವರೆಲ್ಲರಿಗೂ ಒಂದು ಯೋಜನಾ ಕಡತ ಕೊಟ್ಟಿದ್ದರು. ಆರು ತಿಂಗಳಲ್ಲಿ ಅದರ ದಪ್ಪ ಸುಮಾರು ಐದು ಅಡಿಯಾಯಿತು! ದಿನಾಲೂ ಸರಾಸರಿ ಎರಡು ಇಂಚಿನಷ್ಟು, ಅಂದರೆ 150 ಪುಟಗಳ ಬದಲಾವಣೆ ಬರುತ್ತಿತ್ತು. ಹಳೆಯ ಹಾಳೆ ತೆಗೆದು ಹೊಸದು ಸೇರಿಸುವುದರಲ್ಲೇ ಹೊತ್ತು ಹೋಗತೊಡಗಿದಾಗ ಕಾಗದ ಬಿಟ್ಟು ಮೈಕ್ರೋಫಿಶ್‌ಗೆ ಹೊರಳಿದರು. ಕೈಪಿಡಿ ಬರೆಯುವುದು ಒಂದು ಕಷ್ಟವಾದರೆ ಅದನ್ನು ಇವತ್ತಿನದಾಗಿ ಇಟ್ಟುಕೊಳ್ಳುವುದು ಅದಕ್ಕಿಂತ ದೊಡ್ಡ ಕಷ್ಟ ಎಂಬುದು ಆಗಲೇ ಗೊತ್ತಾಗಿತ್ತು.

‘ಪ್ರಿನ್ಸಿಪಲ್ಸ್’ ಮುಂದೆ ಸಿಸ್ಟಮ್/370ಕ್ಕೆ ಜಿಎ22-7000 ಆಯಿತು. ಇಂದಿನ ಝಡ್ ಯಂತ್ರಗಳಿಗೆ ಎಸ್ಎ22-7832, ಮೊದಲ ಮುದ್ರಣ 2000ದ ಡಿಸೆಂಬರ್‌ನಲ್ಲಿ. ಇದನ್ನು ಯಾರು ಬೇಕಾದರೂ ಐಬಿಎಂ ತಾಣದಿಂದ ಪುಕ್ಕಟೆ ಇಳಿಸಿಕೊಳ್ಳಬಹುದು. ಇಷ್ಟು ದಪ್ಪದ ಪುಸ್ತಕ ದಿನದ ಕೆಲಸಕ್ಕೆ ಏಕೆ ಬೇಕು ಎಂದು ಕೇಳಬಹುದು. ಕೋಬಾಲ್ ಬರೆಯುವವರೆಲ್ಲರಿಗೂ ಗೊತ್ತಿರುವ ‘ಸಾಕ್ ಸೆವೆನ್’ ತೆಗೆದುಕೊಳ್ಳಿ, ಲಾಗ್‌ನಲ್ಲಿ ಎಸ್0ಸಿ7 ಎಂದು ಕಾಣುವ ಅಬೆಂಡ್, ಅಂದರೆ ಜಾಬ್ ನಡುವೆಯೇ ಸಾಯುವುದು. ಅದರ ಕೊನೆಯ 7 ಯಂತ್ರವೇ ಕೊಟ್ಟ ಸಂಖ್ಯೆ: ದಶಮಾನ ಅಂಕಿ ಇರಬೇಕಾದ ಜಾಗದಲ್ಲಿ ಅಂಕಿಯಲ್ಲದ್ದು ಇದೆ ಎಂಬ ಸೂಚನೆ. 0ಸಿ4ರ 4 ಎಂದರೆ ತನ್ನದಲ್ಲದ ಮೆಮರಿಗೆ ಕೈಹಾಕಿದ್ದು, 0ಸಿ1ರ 1 ಎಂದರೆ ಇಲ್ಲದ ಆದೇಶ. 1964ರ ಕೈಪಿಡಿಯಲ್ಲೂ 7ಕ್ಕೆ ಇದೇ ಅರ್ಥ, ಇಂದಿನ ಕೈಪಿಡಿಯ ಆರನೆಯ ಅಧ್ಯಾಯದಲ್ಲೂ ಇದೇ ಅರ್ಥ. ‘ಸಿಸ್ಟಮ್ ಕೋಡ್ಸ್’ ಪುಸ್ತಕ ಕಾರಣಗಳನ್ನು ಪಟ್ಟಿ ಮಾಡಿ ಕೊಡುತ್ತದೆ, ಅವುಗಳ ಮೂಲ ಇರುವುದು ‘ಪ್ರಿನ್ಸಿಪಲ್ಸ್’ನಲ್ಲಿ.

ಈಗ ನಂಬರಿನ ವಿಚಾರ. ಐಬಿಎಂ ಪುಸ್ತಕಗಳ ಹೆಸರು ನೆಚ್ಚಿ ಕೂತರೆ ಕೆಲಸ ಕೆಡುತ್ತದೆ. ವ್ಯವಸ್ಥೆಯ ಪ್ಯಾರಾಮೀಟರುಗಳನ್ನು ಇಡುವ ಪಾರ್ಮ್‌ಲಿಬ್‌ನ ಮೆಂಬರುಗಳ ವಿವರ ಬೇಕೆಂದು ‘ಪಾರ್ಮ್‌ಲಿಬ್’ ಎಂಬ ಹೆಸರಿನ ಪುಸ್ತಕ ಹುಡುಕಿದರೆ ಸಿಗುವುದಿಲ್ಲ. ಅದು ಇರುವುದು ‘ಇನಿಶಿಯಲೈಜೇಶನ್ ಅಂಡ್ ಟ್ಯೂನಿಂಗ್ ರೆಫರೆನ್ಸ್’ನಲ್ಲಿ. ಪಕ್ಕದಲ್ಲೇ ‘ಇನಿಶಿಯಲೈಜೇಶನ್ ಅಂಡ್ ಟ್ಯೂನಿಂಗ್ ಗೈಡ್’ ಇದೆ, ಅದರ ವಿಷಯವೇ ಬೇರೆ. ಹೀಗಾಗಿ ಬಲ್ಲವರು ನಂಬರನ್ನೇ ಹೇಳುತ್ತಾರೆ. ಮೊದಲ ಅಕ್ಷರಕ್ಕೆ ಹಳೆಯ ಕಾಲದ ಅರ್ಥವಿದೆ: ಜಿ ಇದ್ದರೆ ಪುಕ್ಕಟೆ ಹಂಚುವುದು, ಎಸ್ ಇದ್ದರೆ ಮಾರುವುದು, ಎಲ್ ಇದ್ದರೆ ಲೈಸೆನ್ಸ್ ಪಡೆದವರಿಗೆ ಮಾತ್ರ. ಎಸ್ ಇದ್ದ ಪುಸ್ತಕಗಳೂ ಈಗ ಪಿಡಿಎಫ್ ರೂಪದಲ್ಲಿ ಸುಮ್ಮನೆ ಸಿಗುತ್ತವೆ, ಅಕ್ಷರ ಮಾತ್ರ ಉಳಿದಿದೆ. ಪೂರ್ಣ ನಂಬರಿನ ಕೊನೆಗೆ ಇನ್ನೊಂದು ಅಡ್ಡಗೆರೆಯ ನಂತರ ಬರುವ ಎರಡಂಕಿ (ಇಲ್ಲಿ ಅದನ್ನು ಬಿಟ್ಟಿದ್ದೇನೆ) ಯಾವ ಪರಿಷ್ಕರಣೆ ಎಂದು ತಿಳಿಸುತ್ತದೆ.

ಆದರೆ ನಂಬರೂ ಒಮ್ಮೆ ಕೈಕೊಟ್ಟಿತು. 2013ರಲ್ಲಿ ಝಡ್/ಓಎಸ್ 2.1 ಬಂದಾಗ ಅದರ ಪುಸ್ತಕಗಳಿಗೆ ಹೊಸ ನಂಬರು ಹಾಕಿದರು. ಜೆಸಿಎಲ್ ರೆಫರೆನ್ಸ್ ಎಸ್ಎ22-7597 ಇದ್ದದ್ದು ಎಸ್ಎ23-1385 ಆಯಿತು, ಮೇಲೆ ಹೇಳಿದ ಟ್ಯೂನಿಂಗ್ ರೆಫರೆನ್ಸ್ ಎಸ್ಎ22-7592 ಇದ್ದದ್ದು ಎಸ್ಎ23-1380 ಆಯಿತು. ಹಳೆಯ ಟಿಪ್ಪಣಿಯಲ್ಲಿ ಇಂಥ ಝಡ್/ಓಎಸ್ ಪುಸ್ತಕಕ್ಕೆ 22ರ ನಂಬರು ಕಂಡರೆ ಅದು 1ನೇ ಆವೃತ್ತಿಯ ಕಾಲದ್ದು ಎಂದು ಗೊತ್ತಾಗುವುದಷ್ಟೇ ಇದರಿಂದ ಆದ ಲಾಭ.

ಇದಕ್ಕಿಂತ ಹೆಚ್ಚು ಜನ ಎಡವುವುದು ಇನ್ನೊಂದು ಕಡೆ: ಎಲ್ಲಕ್ಕಿಂತ ಹೊಸ ಕೈಪಿಡಿಯೇ ಸರಿ ಎಂಬ ನಂಬಿಕೆ. ಬೆಂಗಳೂರಿನಲ್ಲಿ ಕೂತು ಅಮೆರಿಕದ್ದೋ ಯುರೋಪಿನದ್ದೋ ಗ್ರಾಹಕರ ಯಂತ್ರ ನೋಡಿಕೊಳ್ಳುವವರಿಗೆ ಇದು ದಿನದ ಸಮಸ್ಯೆ. ಗ್ರಾಹಕರು 2.5ರಲ್ಲಿದ್ದರೆ 3.1ರ ಕೈಪಿಡಿ ಹೇಳುವ ಪ್ಯಾರಾಮೀಟರ್ ಅಲ್ಲಿ ಇಲ್ಲದೇ ಇರಬಹುದು. ಕನ್ಸೋಲ್‌ನಲ್ಲಿ ‘ಡಿ ಐಪಿಎಲ್ಇನ್ಫೋ’ ಎಂದು ಕೊಟ್ಟರೆ ಯಾವ ಬಿಡುಗಡೆ ಓಡುತ್ತಿದೆ ಎಂದು ಯಂತ್ರವೇ ಹೇಳುತ್ತದೆ. ಪುಸ್ತಕ ತೆರೆಯುವ ಮೊದಲು ಅದನ್ನು ಕೇಳಿ. ಕೈಪಿಡಿಯಲ್ಲಿ ಎಡ ಅಂಚಿನಲ್ಲಿ ನಿಂತ ಗೆರೆ ಕಂಡರೆ ಆ ಸಾಲು ಹೊಸದಾಗಿ ಬದಲಾದದ್ದು ಎಂದರ್ಥ. ಎರಡು ಆವೃತ್ತಿಗಳ ನಡುವೆ ಏನು ಬದಲಾಯಿತು ಎಂದು ತಿಳಿಯಲು ಇಡೀ ಪುಸ್ತಕ ಓದಬೇಕಿಲ್ಲ, ‘ಬದಲಾವಣೆಗಳ ಸಾರಾಂಶ’ವನ್ನೂ ಈ ಗೆರೆಗಳನ್ನೂ ನೋಡಿದರೆ ಸಾಕು.

ಪುಸ್ತಕ ಪರಿಷ್ಕರಣೆಯಾಗುವ ಮೊದಲೇ ಬದಲಾವಣೆ ಬರುವುದೂ ಉಂಟು. ಪಿಟಿಎಫ್ ಎಂಬ ತಿದ್ದುಪಡಿಯನ್ನು ಹಾಕುವಾಗ ಅಳವಡಿಸುವ ತಂತ್ರಾಂಶವಾದ ಎಸ್ಎಂಪಿ/ಇ ‘ಹೋಲ್ಡ್ – ಡಾಕ್’ ಎಂದು ತಡೆದು ನಿಲ್ಲಿಸಿದರೆ, ಕೈಪಿಡಿಯಲ್ಲಿ ಇನ್ನೂ ಬರದ ಮಾತೊಂದು ಅಲ್ಲಿದೆ ಎಂದು ತಿಳಿಯಿರಿ. ಅದನ್ನು ಓದದೆ ಬೈಪಾಸ್ ಮಾಡುವ ಚಾಳಿ ನಮ್ಮಲ್ಲಿ ತುಂಬ ಹರಡಿದೆ. ಅದು ಕೆಟ್ಟ ಚಾಳಿ.

ರೆಡ್‌ಬುಕ್‌ಗಳ ಬಗ್ಗೆಯೂ ಒಂದು ಮಾತು. ಎಸ್‌ಜಿ24 ನಂಬರಿನ ಈ ಪುಸ್ತಕಗಳನ್ನು, ಕ್ಷೇತ್ರದಲ್ಲಿ ಕೆಲಸ ಮಾಡುವವರು ಕೆಲವು ವಾರ ಒಂದೆಡೆ ಕೂತು, ತಂತ್ರಾಂಶವನ್ನು ನಿಜವಾಗಿ ಹಾಕಿ ನೋಡಿ ಬರೆಯುತ್ತಾರೆ. ‘ಎಬಿಸಿಸ್ ಆಫ್ ಝಡ್/ಓಎಸ್ ಸಿಸ್ಟಮ್ ಪ್ರೋಗ್ರಾಮಿಂಗ್’ ಸಂಪುಟಗಳು ಕಲಿಯುವವರಿಗೆ ಒಳ್ಳೆಯ ಆರಂಭ. ಆದರೆ ಇವು ಬರೆದ ದಿನಕ್ಕೆ ನಿಂತುಬಿಡುತ್ತವೆ, ಪ್ರತಿ ಬಿಡುಗಡೆಗೂ ಪರಿಷ್ಕರಣೆಯಾಗುವುದಿಲ್ಲ. ಅರ್ಥ ಮಾಡಿಕೊಳ್ಳಲು ರೆಡ್‌ಬುಕ್, ಟೈಪ್ ಮಾಡುವ ಮೊದಲು ರೆಫರೆನ್ಸ್.

ಕೈಪಿಡಿಯೇ ಸಿಗದ ಕಡೆ ಏನು ಮಾಡುವುದು? ಒಂದು ಕಾಲಕ್ಕೆ ತಂತ್ರಾಂಶದ ಒಳಗನ್ನು ವಿವರಿಸುವ ಲಾಜಿಕ್ ಮ್ಯಾನ್ಯುಯಲ್‌ಗಳಿದ್ದವು, ಸೋರ್ಸ್ ಕೋಡ್ ಮೈಕ್ರೋಫಿಶ್‌ನಲ್ಲಿ ಬರುತ್ತಿತ್ತು. 1983ರಲ್ಲಿ ಐಬಿಎಂ ಆಬ್ಜೆಕ್ಟ್ ಕೋಡ್ ಮಾತ್ರ ಕೊಡುತ್ತೇವೆ ಎಂದು ಘೋಷಿಸಿದ ಮೇಲೆ ಆ ಬಾಗಿಲು ಮೆಲ್ಲನೆ ಮುಚ್ಚಿತು. ಬಳಕೆದಾರರ ಸಂಘಗಳು ಬಹಳ ಕಾಲ ಪ್ರತಿಭಟಿಸಿದವು, ನನ್ನ ಮಟ್ಟಿಗೆ ಅವರ ಸಿಟ್ಟು ನ್ಯಾಯವಾದದ್ದೇ. ಈಗ ಉಳಿದಿರುವುದು ಎಸ್‌ವೈಎಸ್1.ಮ್ಯಾಕ್‌ಲಿಬ್, ಎಸ್‌ವೈಎಸ್1.ಮಾಡ್‌ಜೆನ್ ಲೈಬ್ರರಿಗಳು. ಕಂಟ್ರೋಲ್ ಬ್ಲಾಕುಗಳ ನಕ್ಷೆ, ಕಾಮೆಂಟುಗಳ ಸಮೇತ ಅಲ್ಲಿದೆ. ಅನೇಕ ಸಲ ಪುಸ್ತಕಕ್ಕಿಂತ ಅದೇ ನಿಖರ.

ಹಳೆಯ ಪುಸ್ತಕಗಳಿಗೆ ಬಿಟ್‌ಸೇವರ್ಸ್ ಸಂಗ್ರಹವಿದೆ. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಕೆಲಸ ಮಾಡಿದ ಆಲ್ ಕೊಸ್ಸೊವ್ ಮತ್ತು ಸ್ವಯಂಸೇವಕರು ಹಾಳೆ ಹಾಳೆ ಸ್ಕ್ಯಾನ್ ಮಾಡಿ ಕಟ್ಟಿದ್ದು. 1964ರ ‘ಪ್ರಿನ್ಸಿಪಲ್ಸ್’, ಓಎಸ್/360ರ ಲಾಜಿಕ್ ಮ್ಯಾನ್ಯುಯಲ್‌ಗಳು ಎಲ್ಲ ಅಲ್ಲಿವೆ. ಇದು ಬರೀ ಹಳೆಯದರ ಮೋಹವಲ್ಲ. ರೋಜರ್ ಬೌಲರ್ 1999ರಲ್ಲಿ ಶುರುಮಾಡಿದ ಹರ್ಕ್ಯುಲಿಸ್ ಎಮ್ಯುಲೇಟರ್‌ನಲ್ಲಿ ಎಂವಿಎಸ್ 3.8 ಎಂಬ ಹಳೆಯ ವ್ಯವಸ್ಥೆಯನ್ನು ಯಾರು ಬೇಕಾದರೂ ಮನೆಯ ಲ್ಯಾಪ್‌ಟಾಪಿನಲ್ಲಿ ಓಡಿಸಬಹುದು. ಅದಕ್ಕೆ ಬೇಕಾದ ಕೈಪಿಡಿ ಸಿಗುವುದು ಬಿಟ್‌ಸೇವರ್ಸ್‌ನಲ್ಲೇ. ಕಂಪನಿಯ ಯಂತ್ರ ಮುಟ್ಟಲು ಅನುಮತಿ ಸಿಗದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಶಾಲೆ ನನಗೆ ಗೊತ್ತಿಲ್ಲ.

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಬಿಡುಗಡೆಯ ಸಂದೇಶ ಸಂಪುಟಗಳು, ಸಿಸ್ಟಮ್ ಕೋಡ್ಸ್, ಸಿಸ್ಟಮ್ ಕಮಾಂಡ್ಸ್, ಟ್ಯೂನಿಂಗ್ ರೆಫರೆನ್ಸ್ ಇಷ್ಟನ್ನಾದರೂ ಪಿಡಿಎಫ್ ಆಗಿ ಇಳಿಸಿ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇಡಿ. ಅವನ್ನು ಮೇನ್‌ಫ್ರೇಮ್ ಒಳಗೇ ಇಟ್ಟುಕೊಂಡರೆ, ಐಪಿಎಲ್ (ಬೂಟ್) ಆಗದೆ ಯಂತ್ರ ವೇಟ್ ಸ್ಟೇಟ್‌ಗೆ ಹೋದ ದಿನ ಆ ವೇಟ್ ಕೋಡಿನ ಅರ್ಥವೂ ಯಂತ್ರದ ಜೊತೆಗೇ ಒಳಗೆ ಸಿಕ್ಕಿಕೊಳ್ಳುತ್ತದೆ.