ಎತ್ತರದ ಚಾರಣಕ್ಕೆ ಕಬ್ಬಿಣಾಂಶದ ಲೆಕ್ಕ

ಎವರೆಸ್ಟ್ ಬೇಸ್ ಕ್ಯಾಂಪ್ ಇರುವುದು 5,364 ಮೀಟರ್ ಎತ್ತರದಲ್ಲಿ. ಅಲ್ಲಿಯ ಗಾಳಿಯಲ್ಲೂ ಆಮ್ಲಜನಕದ ಪಾಲು ಬೆಂಗಳೂರಿನಲ್ಲಿರುವಷ್ಟೇ, ಸುಮಾರು ಶೇ. 21. ಕಡಿಮೆಯಾಗುವುದು ಗಾಳಿಯ ಒತ್ತಡ. ಅದು ಸಮುದ್ರಮಟ್ಟದಲ್ಲಿರುವುದರ ಹೆಚ್ಚುಕಮ್ಮಿ ಅರ್ಧ. ಹಾಗಾಗಿ ಪ್ರತಿ ಉಸಿರಿನಲ್ಲೂ ಶ್ವಾಸಕೋಶಕ್ಕೆ ಸಿಗುವ ಆಮ್ಲಜನಕವೂ ಅರ್ಧಕ್ಕಿಳಿಯುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ. ಕುಮಾರಪರ್ವತ, ಕುದುರೆಮುಖ ಹತ್ತಿಳಿದು ಕಾಲು ಗಟ್ಟಿಮಾಡಿಕೊಂಡವರಿಗೂ ಈ ತೆಳು ಗಾಳಿ ಹೊಸದೇ.

ದೇಹ ಇದಕ್ಕೆ ಮೊದಲು ಉಸಿರಾಟ ಮತ್ತು ಎದೆಬಡಿತ ಹೆಚ್ಚಿಸಿ ಉತ್ತರ ಕೊಡುತ್ತದೆ. ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡಗಳು ಎರಿತ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತವೆ. ಅಸ್ಥಿಮಜ್ಜೆ ಹೊಸ ಕೆಂಪು ರಕ್ತಕಣಗಳ ತಯಾರಿಕೆಗೆ ತೊಡಗುತ್ತದೆ. ಆದರೆ ಆ ಕಣಗಳು ಲೆಕ್ಕಕ್ಕೆ ಬರುವಷ್ಟಾಗಲು ವಾರಗಳೇ ಬೇಕು. ಮೊದಲ ವಾರದಲ್ಲಿ ಹಿಮೋಗ್ಲೋಬಿನ್ ಏರಿದಂತೆ ಕಂಡರೆ, ರಕ್ತದ ನೀರಿನಂಶ ಇಳಿದು ರಕ್ತ ಮಂದವಾಗಿರುವುದೇ ಅದಕ್ಕೆ ಮುಖ್ಯ ಕಾರಣ. ಬೇಸ್ ಕ್ಯಾಂಪಿನ ಚಾರಣ ಸಾಮಾನ್ಯವಾಗಿ ಎರಡು ವಾರದೊಳಗೆ ಮುಗಿಯುತ್ತದೆ. ಹೊಸ ರಕ್ತ ಪೂರ್ತಿ ಕೈಗೆ ಬರುವ ಹೊತ್ತಿಗೆ ಚಾರಣಿಗರು ಮನೆ ಸೇರಿರುತ್ತಾರೆ. ಬೆಟ್ಟದಲ್ಲಿ ಉಪಯೋಗಕ್ಕೆ ಬರುವುದು ಊರಿನಿಂದ ಹೊತ್ತೊಯ್ದ ರಕ್ತವೇ.

ಆ ರಕ್ತದ ಗುಣಮಟ್ಟ ನಿಂತಿರುವುದು ಕಬ್ಬಿಣದ ಮೇಲೆ. ವಯಸ್ಕರ ದೇಹದಲ್ಲಿ ಇರುವ ಒಟ್ಟು ಕಬ್ಬಿಣ 3–4 ಗ್ರಾಂ. ಅದರಲ್ಲಿ ಮೂರನೇ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲೇ ಇದೆ. ಒಂದು ಗ್ರಾಂ ಹಿಮೋಗ್ಲೋಬಿನ್ ತಯಾರಾಗಲು ಸುಮಾರು 3.4 ಮಿಲಿಗ್ರಾಂ ಕಬ್ಬಿಣ ಬೇಕು. ಊಟದಿಂದ ದೇಹ ದಿನಕ್ಕೆ ಹೀರಿಕೊಳ್ಳುವುದಾದರೋ ಒಂದೆರಡು ಮಿಲಿಗ್ರಾಂ. ಎತ್ತರದಲ್ಲಿ ಬೇಡಿಕೆ ಏರಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ತಗ್ಗಿಸಿ ಕರುಳಿನ ಬಾಗಿಲನ್ನು ಅಗಲಿಸುತ್ತದೆ. ಆದರೂ ಸಾಲದೆ ಬಂದದ್ದನ್ನು ದೇಹ ಕೂಡಿಟ್ಟುಕೊಂಡ ದಾಸ್ತಾನಿನಿಂದಲೇ ತೆಗೆಯಬೇಕು.

ದಾಸ್ತಾನನ್ನು ತಿಳಿಸುವ ಪರೀಕ್ಷೆ ಫೆರಿಟಿನ್. ಬಹುತೇಕ ಚಾರಣಿಗರು ಹಿಮೋಗ್ಲೋಬಿನ್ ಒಂದನ್ನೇ ನೋಡಿ ನೆಮ್ಮದಿಯಾಗುತ್ತಾರೆ. ಅಡುಗೆಮನೆಯ ಡಬ್ಬ ತುಂಬಿದ್ದರೂ ಕಣಜ ಬರಿದಾಗಿರುವಂತೆ, ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ತಳ ಕಂಡಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯವಂತ ವಯಸ್ಕರಲ್ಲಿ ಮಿಲಿಲೀಟರಿಗೆ 15 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಅದು ಕೊರತೆ. ಎತ್ತರಕ್ಕೆ ಹೋಗುವ ಕ್ರೀಡಾಪಟುಗಳನ್ನು ನೋಡಿಕೊಳ್ಳುವ ವೈದ್ಯರು ಅದಕ್ಕಿಂತ ಹೆಚ್ಚಿನ ಮಟ್ಟವನ್ನೇ, ಕನಿಷ್ಠ 30–40 ಅನ್ನು, ಬಯಸುತ್ತಾರೆ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುವುದರಿಂದ ಮೈ ಹುಷಾರಿರುವಾಗ ಪರೀಕ್ಷೆ ಮಾಡಿಸುವುದು ವಾಸಿ.

ಈ ಮಾತು ಹೆಣ್ಣುಮಕ್ಕಳಿಗೆ ಹೆಚ್ಚು ಅನ್ವಯಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ. ಮುಟ್ಟಿನ ರಕ್ತಸ್ರಾವ ಹೆಚ್ಚಿರುವವರು, ಮಾಂಸಾಹಾರ ಮುಟ್ಟದವರು, ದೂರದ ಓಟ ಓಡುವವರು ಈ ಪರೀಕ್ಷೆಯನ್ನು ತಪ್ಪಿಸಬಾರದು. ರಕ್ತದಾನಿಗಳೂ ಅಷ್ಟೆ: ಒಮ್ಮೆ ರಕ್ತ ಕೊಟ್ಟರೆ 150ರಿಂದ 200 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ದಾನ ಒಳ್ಳೆಯದೇ, ಚಾರಣದ ಹಿಂದಿನ ಎರಡು ಮೂರು ತಿಂಗಳಲ್ಲಿ ಬೇಡ.

ಕಬ್ಬಿಣದ ಕೆಲಸ ರಕ್ತಕ್ಕಷ್ಟೇ ಮುಗಿಯುವುದಿಲ್ಲ. ಆಮ್ಲಜನಕದ ಏರುಪೇರನ್ನು ಗ್ರಹಿಸುವ ಜೀವಕೋಶದ ಕಿಣ್ವಗಳಿಗೂ ಕಬ್ಬಿಣ ಬೇಕು. ಈ ಗ್ರಹಿಕೆಯ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದಕ್ಕೇ ಕೇಲಿನ್, ರಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಪೆರುವಿನಲ್ಲಿ 4,300 ಮೀಟರಿಗೂ ಎತ್ತರದಲ್ಲಿರುವ ಸೆರೊ ಡೆ ಪಾಸ್ಕೊ ಎಂಬ ಗಣಿ ಊರಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ನೆನೆಯಬೇಕಾದ್ದು. ತಗ್ಗಿನಿಂದ ಹೋದ ಆರೋಗ್ಯವಂತರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟಾಗ, ಎತ್ತರದಿಂದಾಗಿ ಏರಿದ್ದ ಅವರ ಶ್ವಾಸಕೋಶದ ರಕ್ತನಾಳಗಳ ಒತ್ತಡ ಇಳಿಯಿತು. ಅದೇ ಅಧ್ಯಯನದಲ್ಲಿ, ರಕ್ತ ವಿಪರೀತ ಮಂದವಾಗಿದ್ದ ಸ್ಥಳೀಯ ರೋಗಿಗಳಿಂದ ರಕ್ತ ತೆಗೆದು ಕಬ್ಬಿಣ ಇಳಿಸಿದಾಗ ಆ ಒತ್ತಡ ಏರಿತು.

ಹಾಗೆಂದು ರಕ್ತ ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬೇಕಿಲ್ಲ. ಪೆರುವಿನ ಆಂಡೀಸ್ ಪರ್ವತದ ಆ ರೋಗಿಗಳ ತೊಂದರೆಯೇ ಹೆಚ್ಚಿದ ಕೆಂಪುಕಣಗಳು. ಟಿಬೆಟನ್ನರು ಮತ್ತು ಶೆರ್ಪಾಗಳ ಹಿಮೋಗ್ಲೋಬಿನ್ ಅದೇ ಎತ್ತರದ ಆಂಡೀಸ್ ಜನರದಕ್ಕಿಂತ ಕಡಿಮೆ; ಆದರೂ ಬೆಟ್ಟ ಹತ್ತುವುದರಲ್ಲಿ ಅವರನ್ನು ಮೀರಿಸುವವರು ಅಪರೂಪ.

ಕೊರತೆಯಿದ್ದರೆ ತುಂಬಿಕೊಳ್ಳುವ ಕೆಲಸ ಎರಡು ಮೂರು ತಿಂಗಳು ಮೊದಲೇ ಶುರುವಾಗಬೇಕು. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿದ ದಿನದ ಪ್ರಮಾಣ ಗಂಡಸರಿಗೆ 19, ಹೆಂಗಸರಿಗೆ 29 ಮಿಲಿಗ್ರಾಂ. ಹುರುಳಿಕಾಳು, ಅಲಸಂದೆ, ರಾಗಿ, ಎಳ್ಳು, ದಂಟು ಹರಿವೆ ಸೊಪ್ಪು ಎಲ್ಲದರಲ್ಲೂ ಕಬ್ಬಿಣವಿದೆ. ತೊಡಕಿರುವುದು ಹೀರಿಕೆಯಲ್ಲಿ. ಕಾಳು, ಧಾನ್ಯಗಳ ಫೈಟೇಟ್ ಮತ್ತು ಚಹಾ, ಕಾಫಿಯ ಟ್ಯಾನಿನ್‌ಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ನೆನೆಸಿ ಮೊಳಕೆ ಬರಿಸಿದರೆ ಫೈಟೇಟ್ ಇಳಿಯುತ್ತದೆ. ಮೊಳಕೆ ಹುರುಳಿಯ ಬಸ್ಸಾರಿಗೆ ಉಣ್ಣುವ ಹೊತ್ತಿನಲ್ಲಿ ಅರ್ಧ ಹೋಳು ನಿಂಬೆ ಹಿಂಡಿ, ಊಟದ ಮೇಲಿನ ಕಾಫಿಯನ್ನು ಒಂದು ಗಂಟೆ ಮುಂದೂಡಿದರೆ ಅದೇ ಮುದ್ದೆಯೂಟದಿಂದ ಹೆಚ್ಚು ಕಬ್ಬಿಣ ಮೈಗೆ ಸೇರುತ್ತದೆ. ಮಾಂಸ, ಮೀನು, ಕುರಿಯ ಈಲಿ ತಿನ್ನುವವರಿಗೆ ಹೀರಿಕೆ ಇನ್ನೂ ಸಲೀಸು.

ಬರಿದಾದ ದಾಸ್ತಾನು ಊಟವೊಂದರಿಂದಲೇ ಬೇಗ ತುಂಬದು. ವೈದ್ಯರು ಐರನ್ ಮಾತ್ರೆ ಬರೆಯುತ್ತಾರೆ. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಸುಮಾರು ಒಂದು ದಿನ ಏರಿಯೇ ಇರುವುದರಿಂದ ದಿನ ಬಿಟ್ಟು ದಿನ ತೆಗೆದುಕೊಂಡರೆ ಹೀರಿಕೆ ಉತ್ತಮ, ಹೊಟ್ಟೆಯ ಕಿರಿಕಿರಿಯೂ ಕಡಿಮೆ. ಪರೀಕ್ಷೆಯಿಲ್ಲದೆ ತಾನೇ ಅಂಗಡಿಯಿಂದ ತಂದು ನುಂಗುವುದು ತಪ್ಪು. ಥಲಸ್ಸೀಮಿಯಾ ವಾಹಕರಲ್ಲಿ ಹಿಮೋಗ್ಲೋಬಿನ್ ಕಡಿಮೆಯಿದ್ದರೂ ಕಬ್ಬಿಣ ಸಾಕಷ್ಟಿರಬಹುದು. ಹೆಚ್ಚಾದ ಕಬ್ಬಿಣ ಯಕೃತ್ತಿಗೆ, ಹೃದಯಕ್ಕೆ ಕೇಡು.

ಬೆಟ್ಟ ಹತ್ತಲು ಶುರುಮಾಡಿದ ಮೇಲೆ ಚಿಂತೆ ಬೇರೆಯದು. ದೇಹ ಹೆಚ್ಚು ಶಕ್ತಿ ಕೇಳುತ್ತದೆ, ಹಸಿವೆ ಮಾತ್ರ ಸತ್ತಿರುತ್ತದೆ. 1985ರ ‘ಆಪರೇಷನ್ ಎವರೆಸ್ಟ್ 2’ ಪ್ರಯೋಗದಲ್ಲಿ ಸ್ವಯಂಸೇವಕರನ್ನು ಒತ್ತಡ ಇಳಿಸಿದ ಕೋಣೆಯಲ್ಲಿ ಸುಮಾರು 40 ದಿನ ಇಡಲಾಗಿತ್ತು. ಚಳಿಯಿಲ್ಲ, ಬೇಕಾದಷ್ಟು ಊಟ. ಆದರೂ ಅವರ ತೂಕ ಸರಾಸರಿ 7 ಕಿಲೋಗ್ರಾಂಗೂ ಹೆಚ್ಚು ಇಳಿಯಿತು. ಅಷ್ಟೇ ಆಮ್ಲಜನಕಕ್ಕೆ ಕೊಬ್ಬಿಗಿಂತ ಪಿಷ್ಟದಿಂದ ತುಸು ಹೆಚ್ಚು ಶಕ್ತಿ ಸಿಗುವುದರಿಂದ ಅನ್ನ, ಆಲೂಗೆಡ್ಡೆ, ನೂಡಲ್ಸ್, ಬೆಲ್ಲ, ಒಣಹಣ್ಣುಗಳನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ತಿನ್ನುವುದು ಲೇಸು. ನೇಪಾಳದ ಲಾಡ್ಜ್‌ಗಳ ದಾಲ್ ಭಾತ್ ಈ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಅಲ್ಲಿ ಎಲ್ಲರೂ ಹೊಗಳುವ ಬೆಳ್ಳುಳ್ಳಿ ಸೂಪು ಬಿಸಿನೀರು, ಉಪ್ಪು ಒದಗಿಸುತ್ತದೆ. ಎತ್ತರದ ಕಾಯಿಲೆಗೆ ಮದ್ದೆಂದು ನೆಚ್ಚಿಕೊಳ್ಳುವಂತಿಲ್ಲ. ಒಣ ಗಾಳಿಗೆ ಉಸಿರಿನಲ್ಲೇ ನೀರು ಹೋಗುವುದರಿಂದ ಮೂತ್ರ ತಿಳಿ ಹಳದಿಯಾಗಿರುವಷ್ಟು ಕುಡಿಯಬೇಕು.

ಕಬ್ಬಿಣ ತುಂಬಿಕೊಂಡವರಿಗೂ ಎತ್ತರದ ಕಾಯಿಲೆ ಬರಬಹುದು. ಅದನ್ನು ತಡೆಯುವ ಮುಖ್ಯ ದಾರಿ ನಿಧಾನ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸದಿರುವುದು, ಮೂರು ನಾಲ್ಕು ದಿನಕ್ಕೊಮ್ಮೆ ತಂಗುವುದು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ತೂರಾಡುವ ನಡಿಗೆ, ಮಾತಿನ ತೊದಲು ಕಂಡರೆ ‘ರಕ್ತ ಕಮ್ಮಿ ಇರಬೇಕು’ ಎಂದು ಕಾಯದೆ ರಾತ್ರಿಯಾಗಿದ್ದರೂ ಕೆಳಗಿಳಿಸಬೇಕು.